ಸಿಕ್ಕಾದ ಉಲ್ಲನ್ ನೂಲನ್ನು ನಾನು ಬಿಡಿಸುವ ರೀತಿ

ನೂಲು ಸಿಕ್ಕಾಯಿತು ಅಂದರೆ ಎಷ್ಟೋ ಜನ ಕತ್ತರಿ ಹುಡುಕುತ್ತಾರೆ. ನಾನು ಆದಷ್ಟೂ ಕತ್ತರಿ ಮುಟ್ಟುವುದಿಲ್ಲ. ಕತ್ತರಿಸಿದಷ್ಟೂ ತುದಿಗಳು ಜಾಸ್ತಿ, ಆಮೇಲೆ ಹೆಣಿಗೆಯ ಹಿಂದೆ ಅವನ್ನೆಲ್ಲ ಸೂಜಿಯಲ್ಲಿ ತೂರಿಸಿ ಮುಚ್ಚುವ ಕೆಲಸವೂ ಜಾಸ್ತಿ.

ಸಿಕ್ಕು ಬೇರೆ, ಗಂಟು ಬೇರೆ. ಇದು ತಿಳಿದರೆ ಅರ್ಧ ಕೆಲಸ ಆದ ಹಾಗೆಯೇ. ಸಿಕ್ಕಿನಲ್ಲಿ ಇರುವುದು ಬಹುಪಾಲು ಸಡಿಲವಾದ ಕುಣಿಕೆಗಳು, ಒಂದು ಎಳೆ ಇನ್ನೊಂದರ ಕೆಳಗೆ ನುಸುಳಿರುತ್ತದೆ ಅಷ್ಟೆ. ನಾವು ಎಳೆದಾಗಲೇ ಅದು ಬಿಗಿದು ಗಂಟಾಗುವುದು. ಅದಕ್ಕೇ ತುದಿ ಕಂಡ ತಕ್ಷಣ ಎಳೆಯಬೇಡಿ, ಎಷ್ಟೇ ಆಸೆಯಾದರೂ.

ನೂಲಿನ ಮುದ್ದೆಯನ್ನು ಮೇಜಿನ ಮೇಲಿಟ್ಟು, ಸುತ್ತಲೂ ಅಂಚಿನಿಂದ ಬೆರಳಲ್ಲೇ ಸ್ವಲ್ಪ ಸ್ವಲ್ಪ ಹೊರಕ್ಕೆ ಬಿಡಿಸುತ್ತಾ, ಹತ್ತಿ ಹಿಂಜಿದ ಹಾಗೆ ಅಗಲ ಮಾಡುತ್ತಾ ಹೋಗುತ್ತೇನೆ. ನೋಡಿದವರಿಗೆ ಇನ್ನಷ್ಟು ಕೆಡಿಸುತ್ತಿದ್ದಾರೆ ಅನ್ನಿಸಬಹುದು. ಆದರೆ ಮುದ್ದೆ ದೊಡ್ಡದಾಗುತ್ತಿದೆ ಅಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಎಳೆಗಳ ನಡುವೆ ಬೆಳಕು ಕಾಣುವಷ್ಟು ಸಡಿಲವಾದ ಮೇಲಷ್ಟೇ ತುದಿ ಹಿಡಿಯುತ್ತೇನೆ. ಬಿಡಿಸಿದ್ದನ್ನು ಆಗಾಗಲೇ ಸಣ್ಣ ರಟ್ಟಿಗೆ ಸುತ್ತಬೇಕು, ಇಲ್ಲದಿದ್ದರೆ ಅದು ಮತ್ತೆ ಹೋಗಿ ಸಿಕ್ಕಿಗೇ ಸೇರುತ್ತದೆ. ಉಂಡೆಗಿಂತ ರಟ್ಟೇ ನನಗೆ ಇಷ್ಟ. ಚಪ್ಪಟೆಯಾಗಿರುವುದರಿಂದ ಕುಣಿಕೆಗಳ ಒಳಗೆ ಸಲೀಸಾಗಿ ತೂರುತ್ತದೆ.

ಬಿಗಿಯಾದ ಗಂಟು ಎದುರಾದರೆ ಮೊಂಡು ಸೂಜಿ ಇಲ್ಲವೇ ಕ್ರೋಶಾ ಕಡ್ಡಿ ಸಾಕು. ಚೂಪು ಸೂಜಿ ಎಳೆಯನ್ನು ಸೀಳಿಬಿಡುತ್ತದೆ, ಸೀಳಿದ ಎಳೆಯ ಗಂಟು ಬಿಚ್ಚುವುದು ಇನ್ನೂ ಕಷ್ಟ. ಮೊಹೇರ್‌ನಂಥ ರೋಮ ಜಾಸ್ತಿಯಿರುವ ನೂಲಾದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಅಲ್ಲಿ ತಾಳ್ಮೆ ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ.

ಸುಮ್ನೆ ಚೀಲದಲ್ಲಿದ್ದ ನೂಲು ಹೇಗಪ್ಪಾ ಗಂಟಾಯಿತು ಅಂತ ಅನ್ನಿಸುತ್ತದೆ ಅಲ್ವಾ? 2007ರಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಾಸ್ ಸ್ಮಿತ್ ಎಂಬ ವಿಜ್ಞಾನಿಗಳು ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ್ದರು. ಪೆಟ್ಟಿಗೆಯಲ್ಲಿ ದಾರ ಹಾಕಿ ಉರುಳಿಸಿ 3,415 ಸಲ ನೋಡಿದರಂತೆ. ಸುಮಾರು 46 ಸೆಂ.ಮೀ.ಗಿಂತ ಚಿಕ್ಕ ದಾರ ಗಂಟಾಗಲಿಲ್ಲ. ಉದ್ದ ದಾರ ಮಾತ್ರ ಎಷ್ಟೋ ಸಲ ಕೆಲವೇ ಸೆಕೆಂಡಿನಲ್ಲಿ ಗಂಟಾಯಿತು. ಪೆಟ್ಟಿಗೆ ಚಿಕ್ಕದಾದಾಗ ದಾರಕ್ಕೆ ಅಲುಗಾಡಲು ಜಾಗ ಸಾಲದೆ ಗಂಟುಗಳೂ ಕಡಿಮೆಯಾದವು.

ನಾನೂ ಈಗ ನೂಲಿಗೆ ಓಡಾಡಲು ಜಾಗ ಕೊಡುವುದಿಲ್ಲ. ಉಂಡೆಗಳನ್ನು ಅವುಗಳ ಅಳತೆಯ ಚೀಲದಲ್ಲೇ ಇಡುತ್ತೇನೆ. ಲಡಿಯನ್ನು, ಅಂದರೆ ಉಂಡೆ ಮಾಡದೆ ದೊಡ್ಡ ಬಳೆಯಂತೆ ಸುತ್ತಿಟ್ಟ ನೂಲನ್ನು, ತೊಳೆಯುವ ಮುಂಚೆ ನಾಲ್ಕು ಕಡೆ ಬೇರೆ ಬಣ್ಣದ ದಾರ ಕಟ್ಟುತ್ತೇನೆ, ಸುಮ್ನೆ ಸುತ್ತಿ ಕಟ್ಟದೆ ಎಳೆಗಳ ನಡುವೆ ಎಂಟರ ಆಕಾರದಲ್ಲಿ ಹಾಯಿಸಿ, ಸ್ವಲ್ಪ ಸಡಿಲವಾಗಿ.