ಸೀರೆ ಬೇಲಿಗೆ ಬೆದರುತ್ತಿದ್ದ ಕುದುರೆ

ರೇಸ್ ಮುಗಿಸಿದ ಕುದುರೆ ಅಗ್ಗಕ್ಕೆ ಸಿಗುತ್ತದೆ ಅಂತ ನಾನೂ ಒಂದನ್ನು ತಂದೆ. 40 ಸಾವಿರವೋ 45ವೋ ಕೊಟ್ಟ ನೆನಪು. ಬೆಳಗ್ಗೆ ವರುಣಾ ನಾಲೆ ಏರಿ ಮೇಲೆ ಸವಾರಿ ಹೋಗುವ ಆಸೆ. ಅಷ್ಟು ಜನರ ಕೂಗಾಟದಲ್ಲಿ ಓಡಿದವನು ಒಂದು ಎಮ್ಮೆ ಕಂಡು ಎಗರಿಬಿಟ್ಟ.

ಸ್ಪ್ರಿಂಕ್ಲರ್ ಜೆಟ್ಟು, ಬಣವೆ ಮೇಲಿನ ನೀಲಿ ಟಾರ್ಪಾಲು, ಬೆರ್ಚಪ್ಪ, ಎಲ್ಲಕ್ಕೂ ಬೆದರುತ್ತಿದ್ದ. ಅವನ ಪಾಲಿನ ನಿಜವಾದ ದೆವ್ವ ಅಂದರೆ ಹಂದಿ ಬರದಿರಲಿ ಅಂತ ಹೊಲದ ಸುತ್ತ ಕಟ್ಟುವ ಹಳೇ ಸೀರೆ. ಗಾಳಿಗೆ ಸೆರಗು ಪಟಪಟ ಅಂದರೆ ಸಾಕು, ಗಿರಕ್ಕನೆ ತಿರುಗಿ ಮನೆ ಕಡೆ.

ಮೊದಲ ಆರು ತಿಂಗಳು ಎಲ್ಲರ ಮಾತೂ ಕೇಳಿದೆ. ಕಾಲಲ್ಲಿ ಒತ್ತಿ ದಾಟಿಸಿ ಅಂದರು. ದಾಟಿಸಲು ಹೋಗಿ ಏರಿಯಿಂದ ಕೆಳಗೆ ಬಿದ್ದೆ. ಭುಜಕ್ಕೆ ಸುಮಾರು 22 ಸಾವಿರ. ಕಣ್ಣುಪಟ್ಟಿ ಹಾಕಿದೆ. ಗಾಡಿ ಕುದುರೆಗೆ ಸರಿ, ಇವನು ಕಾಣದ ಸದ್ದಿಗೆ ಇನ್ನೂ ಜಾಸ್ತಿ ನಡುಗಿದ. ಸಮಾಧಾನದ ಪುಡಿ ಅಂತ ಒಂದು ಡಬ್ಬ ತರಿಸಿದೆ, ಮೂರು ಸಾವಿರ. ಸಮಾಧಾನವಾಗಿದ್ದು ಮಾರಿದವನಿಗೆ. ಓಟ್ಸ್ ಅರ್ಧ ಮಾಡಿ ಹುಲ್ಲು ಜಾಸ್ತಿ ಹಾಕಿದ್ದು ಮಾತ್ರ ಸ್ವಲ್ಪ ಹಿಡಿಯಿತು. ರೇಸಿನ ಮೇವು ತಿಂದು ಸುಮ್ನೆ ನಿಂತರೆ ಆ ಕಸುವು ಎಲ್ಲಿಗೆ ಹೋಗಬೇಕು, ಅಲ್ವಾ?

ಒಂದು ದಿನ ಪಕ್ಕದ ಮನೆ ಹುಡುಗನ ಸೈಕಲ್ಲಿಗೆ ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡು ಪರಪರ ಅನ್ನುತ್ತಿತ್ತು. ಇವನು ಕಿವಿ ಮುಂದೆ ಮಾಡಿ ಅದರ ಹಿಂದೆಯೇ ಎರಡು ಹೆಜ್ಜೆ ಹಾಕಿದ. ಎದುರು ನಿಂತಿದ್ದು ಕಂಡರೆ ಭಯ, ದೂರ ಓಡಿಹೋಗುವುದು ಕಂಡರೆ ಭಯವಿಲ್ಲ!

ಮರುದಿನವೇ ಸೈಕಲ್ಲಿಗೆ ಹದಿನೈದು ಅಡಿ ಹಗ್ಗ, ತುದಿಗೆ ಹಳೇ ಸೀರೆ. ಹುಡುಗ ಎಳೆದುಕೊಂಡು ಹೋಗೋದು, ನಾನು ಕುದುರೆ ಹಿಡಿದು ಹಿಂದೆ ನಡೆಯೋದು. "ಸಾರ್, ಕುದುರೆಗೆ ಸೀರೆ ಉಡಿಸ್ತೀರಾ?" ಅಂತ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ನಕ್ಕ. ನಗಲಿ. ಕುದುರೆ ತಿರುಗಿದ ಮೇಲೆ ತಡೆಯಬಾರದು, ಕಿವಿ ಸೆಟೆದುಕೊಂಡಾಗಲೇ ನಿಲ್ಲಿಸಬೇಕು. ತಲೆ ತಗ್ಗಿಸಿ ಫುರ್ರ್ ಅಂತ ಉಸಿರು ಬಿಡುವ ತನಕ ಕಾಯಬೇಕು. ಬಿಟ್ಟ ಕೂಡಲೇ ಸೈಕಲ್ ಮುಂದೆ. ದಿನಕ್ಕೆ ಕಾಲು ಗಂಟೆ, ಮೂರು ವಾರ. ಹುಡುಗನಿಗೆ ದಿನಕ್ಕೆ ಇಪ್ಪತ್ತು ರೂಪಾಯಿ.

ಹೋಗುವಾಗ ಸುಮ್ಮನಿದ್ದವನು ಬರುವಾಗ ಅದೇ ಸೀರೆಗೆ ಬೆದರಿದ. ಎಡಗಣ್ಣು ಕಂಡಿದ್ದು ಬಲಗಣ್ಣಿಗೆ ಗೊತ್ತಾಗಲ್ಲ ಅಂತಾರೆ, ನಾನು ನಂಬಲ್ಲ. ಆ ಕಡೆಯಿಂದ ನೋಡಿದರೆ ಅದರ ಆಕಾರವೇ ಬೇರೆ, ಅಷ್ಟೇ. ಎರಡೂ ದಿಕ್ಕಿನಲ್ಲಿ ಮಾಡಿಸಿದೆ. ಮೇಲೆ ಕೂತಾಗ ಬೆದರಿದರೆ ಎರಡೂ ಲಗಾಮು ಬಿಗಿಯಲ್ಲ, ಒಂದರಲ್ಲೇ ಕತ್ತು ಬಗ್ಗಿಸುತ್ತೇನೆ. ಆಗ ಬಾಯಲ್ಲಿ ಒಂದು ಸದ್ದು ಮಾಡುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ.

ದೀಪಾವಳಿಗೆ ಮುಂಚೆ ಇನ್ನೊಂದು ಪ್ರಯೋಗವೂ ಆಯಿತು. ಮೇವು ಹಾಕುವಾಗ ಮೊಬೈಲಿನಲ್ಲಿ ಮೆಲ್ಲಗೆ ಪಟಾಕಿ ಸದ್ದು. ಈಗ ಊರಲ್ಲಿ ಎಲ್ಲಿ ಪಟಾಕಿ ಹೊಡೆದರೂ ಲಾಯದಲ್ಲಿ ಮೇವಿಗೆ ಕೆನೆಯುತ್ತಾನೆ.

ಮೊನ್ನೆ ಜೋರು ಗಾಳಿ. ಅದೇ ಹೊಲ, ಅದೇ ಕೆಂಪು ಸೀರೆ. ನಿಂತ, ಮೂಸಿದ, ಸೆರಗು ಕಚ್ಚಿ ಎಳೆದ. ಗೂಟವೂ ಕಿತ್ತು ಬಂತು. ಹೊಲದವರು ಬೈದುಕೊಂಡೇ 200 ರೂಪಾಯಿ ಈಸಿಕೊಂಡರು.