ಹತ್ತಿ ಹೂವು ಎಣಿಸಿ ಕಲಿತ ಜೀನ್ ಪಾಠ

ಕುಷ್ಟಗಿ ಕಡೆ ನಮ್ಮ ಹೊಲದಲ್ಲಿ 12 ವರ್ಷದಿಂದ ಹತ್ತಿ ಸೀಡ್ಸ್ ಪ್ಲಾಟ್ ಮಾಡುತ್ತಿದ್ದೇನೆ, ಅಂದರೆ ಎರಡು ತಳಿ ಕೂಡಿಸಿ ಹೈಬ್ರಿಡ್ ಬೀಜ ತಯಾರಿಸುವ ಕೆಲಸ. ಮಧ್ಯಾಹ್ನ ಮೂರರ ಮೇಲೆ ಹೆಣ್ಣು ಸಾಲಿಗೆ, ಅಂದರೆ ತಾಯಿ ತಳಿಯ ಸಾಲಿಗೆ ಇಳಿಯುತ್ತೇವೆ. ನಾಳೆ ಅರಳುವ ಮೊಗ್ಗಿನಲ್ಲಿ ಎಸಳು ಹೊರಗೆ ಇಣುಕಿರುತ್ತದೆ. ಹೆಬ್ಬೆರಳಿನ ಉಗುರನ್ನು ಬುಡಕ್ಕೆ ಊರಿ, ಸುತ್ತ ತಿರುಗಿಸಿ, ಎಸಳು ಮತ್ತು ಪುಡಿಚೀಲ (ಗಂಡು ಪರಾಗದ ಪುಡಿ ಇರುವ ಚೀಲ) ಎರಡನ್ನೂ ಒಟ್ಟಿಗೆ ಎಳೆದು ತೆಗೆಯಬೇಕು. ಒಳಗಿನ ಎಳೆಗಾಯಿಗೆ ಉಗುರು ತಾಗಿದರೆ ಅದು ಉದುರಿತೆಂದೇ ಲೆಕ್ಕ. ಒಂದೆರಡು ಪುಡಿಚೀಲ ಉಳಿದರೂ ಹೂವು ತನ್ನ ಪುಡಿಯನ್ನೇ ತಗೊಂಡುಬಿಡುತ್ತದೆ. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಮೆತ್ತಗೆ ಸವರಿದರೆ ಕ್ರಾಸಿಂಗ್ ಮುಗಿಯಿತು.

ಒಂದು ಸಂಜೆ ಕೆಲಸಕ್ಕೆ ಬಂದ ಹುಡುಗಿ ಕೇಳಿದಳು: "ಅಕ್ಕಾ, ಹೈಬ್ರಿಡ್ ಬೆಳೀದಾಗ ಅದರ ಬೀಜಾನೇ ಎತ್ತಿಟ್ಟು ಬಿತ್ತಿದ್ರ ಆಗೂದಿಲ್ಲೇನ್ರೀ?"

ಆಗುವುದಿಲ್ಲ ಅಂತ ಗೊತ್ತಿತ್ತು. ಯಾಕೆ ಅಂತ ಬಿಡಿಸಿ ಹೇಳಲು ಬರಲಿಲ್ಲ. ಸರಿ, ಬಿತ್ತಿಯೇ ನೋಡೋಣ ಅಂದುಕೊಂಡೆ.

ಡಿಸಿಎಚ್-32 ಆರಿಸಿದೆ. ಧಾರವಾಡದಲ್ಲಿ ತಯಾರಾಗಿ 1981ರಲ್ಲಿ ಬಂದ ಹೈಬ್ರಿಡ್ ಇದು. ಎರಡು ಬೇರೆ ಜಾತಿಯ ಹತ್ತಿ ಸೇರಿಸಿ ಮಾಡಿದ್ದು. ತಾಯಿಯದು ಕೆನೆ ಬಣ್ಣದ ಹೂವು, ತಂದೆಯದು ಹಳದಿ. ಮಕ್ಕಳೆಲ್ಲ ಹಳದಿ. ಅವುಗಳ ಮೊಗ್ಗಿನ ತುದಿಗೆ ದಾರ ಕಟ್ಟಿದೆ, ಜೇನುಹುಳ ಒಳಗೆ ಹೋಗಬಾರದು ಅಂತ. ಆ ಬೀಜವನ್ನು ಮುಂದಿನ ಮುಂಗಾರಿಗೆ ಬಿತ್ತಿದೆ.

ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಳಕಾಲುದ್ದ. ಕೆಲವಕ್ಕೆ ಕಾಯಿಯೇ ಇಲ್ಲ. ಬೆಳೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಆದರೆ ಹೂವು ಎಣಿಸಿದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತು. ಬೆಳಿಗ್ಗೆಯೇ ಎಣಿಸಬೇಕು, ಯಾಕಂದರೆ ಮರುದಿನಕ್ಕೆ ಹತ್ತಿ ಹೂವೆಲ್ಲ ಕೆಂಪಗಾಗುತ್ತದೆ. ತಿಳಿ ಹಳದಿಯನ್ನೂ ಹಳದಿಗೇ ಸೇರಿಸಿದೆ. 83 ಗಿಡದಲ್ಲಿ 61 ಹಳದಿ, 22 ಕೆನೆ. ಮೂರಕ್ಕೆ ಒಂದರ ಹತ್ತಿರ! ಗುಣಗಳು ತಲೆಮಾರಿಗೆ ಹೇಗೆ ಇಳಿಯುತ್ತವೆ ಅಂತ ಬಟಾಣಿಯಲ್ಲಿ ಕಂಡುಕೊಂಡ ಮೆಂಡೆಲ್ 1866ರಲ್ಲಿ ಅಚ್ಚು ಹಾಕಿಸಿದ ಬಟಾಣಿ ಲೆಕ್ಕವೂ ಇದೇ: 5474 ದುಂಡು ಕಾಳು, 1850 ಸುಕ್ಕು ಕಾಳು.

ಹುಡುಗಿಗೆ ಎರಡು ಬಟ್ಟಲು ಇಟ್ಟು ತೋರಿಸಿದೆ. ಎರಡರಲ್ಲೂ ಕಡಲೆ, ಜೋಳ ಸಮ ಸಮ. ಕಣ್ಣು ಮುಚ್ಚಿ ಒಂದೊಂದರಿಂದ ಒಂದು ಕಾಳು ತೆಗೆ ಅಂದೆ. ಎರಡು ಬಟ್ಟಲೂ ಆ ಹೈಬ್ರಿಡ್ ಗಿಡದವೇ: ಒಂದು ಕಾಳು ಹೂವಿನ ಹೆಣ್ಣು ಭಾಗದಿಂದ, ಒಂದು ಗಂಡು ಪುಡಿಯಿಂದ. ಕಡಲೆ ಒಂದಿದ್ದರೂ ಸಾಕು, ಹೂವು ಹಳದಿ. ಎರಡೂ ಜೋಳ ಬಂದರೆ ಮಾತ್ರ ಕೆನೆ. ನಾಲ್ಕರಲ್ಲಿ ಒಂದು ಸಲ ಹಾಗಾಗುತ್ತದೆ. ಆ ಕಾಳೇ ಜೀನ್, ಅಂದರೆ ಡಿಎನ್‌ಎ ಎಳೆಯ ಒಂದು ತುಣುಕು. ಬಣ್ಣಕ್ಕೆ ಹೀಗೆ, ಎತ್ತರಕ್ಕೆ, ಕಾಯಿಗೆ ಎಷ್ಟೋ ಜೀನ್‌ಗಳು. ಎಲ್ಲವೂ ಬೇರೆ ಬೇರೆಯಾಗಿ ಕಲಸಿಹೋದರೆ ಬೆಳೆ ಒಂದೇ ಸಮ ಹೇಗೆ ಬರಬೇಕು, ಅಲ್ವಾ?

ಡಿಸಿಎಚ್ ಜೊತೆ ಜವಾರಿ ಹತ್ತಿಯನ್ನೂ ಕ್ರಾಸ್ ಮಾಡಿ ನೋಡಿದ್ದೆ. ಕಾಯಿ ಉದುರಿದವು. ಡಿಸಿಎಚ್‌ನ ತಂದೆ ತಾಯಿ ಇಬ್ಬರಲ್ಲೂ 52 ಕ್ರೋಮೋಸೋಮ್ (ಜೀನ್ ಹೊತ್ತ ಎಳೆಗಳು), ಜವಾರಿಯಲ್ಲಿ 26. ಜೋಡಿ ಕೂಡುವುದಿಲ್ಲ.

ಕೆನೆ ಹೂವಿನ 22 ಗಿಡದ ಮೊಗ್ಗಿಗೂ ದಾರ ಕಟ್ಟಿ ಬೀಜ ತೆಗೆದಿಟ್ಟಿದ್ದೇನೆ. ಅವುಗಳಲ್ಲಿ ಜೋಳವಷ್ಟೇ ಉಳಿದಿದೆ. ಒಂದೂ ಹಳದಿ ಬರಬಾರದು. ಮಳೆ ಬಿದ್ದ ಕೂಡಲೇ ಬಾವಿ ಪಕ್ಕ ಎರಡು ಸಾಲು ಹಾಕುತ್ತೇನೆ.