ಉಡುಪಿ ಪೇಟೆ ಸುತ್ತುವುದಾದರೆ

ಬೆಳಿಗ್ಗೆ ಬೇಗ ಎದ್ದು ಮೊದಲು ಮಲ್ಪೆ ಬಂದರಿಗೆ ಹೋಗಿ, ಉಡುಪಿಯಿಂದ ಆರು ಕಿಲೋಮೀಟರ್ ಅಷ್ಟೆ. ಹಳೇ ಚಪ್ಪಲಿ ಹಾಕಿಕೊಳ್ಳಿ, ನೆಲವೆಲ್ಲ ಮೀನುನೀರು. ಬುಟ್ಟಿ ಹೊತ್ತವರಿಗೆ ದಾರಿ ಬಿಡಿ, ಫೋಟೊ ಆಮೇಲೆ. ಬಂಗುಡೆ ಕೊಳ್ಳುವವರು ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಆಗ ಬಂದರೆ ಬಂದರಿನಲ್ಲಿ ಮೀನಿನ ಗದ್ದಲ ಇರುವುದಿಲ್ಲ.

ಆಮೇಲೆ ಕೃಷ್ಣಮಠದ ಸುತ್ತಲಿನ ರಥಬೀದಿ. ಗೋಳಿಬಜೆ ಎಣ್ಣೆಯಿಂದ ಎದ್ದ ಕೂಡಲೇ ತಿನ್ನಿ, ಆರಿದ್ದು ನಾನಂತೂ ಮುಟ್ಟುವುದಿಲ್ಲ. ಹಿತ್ತಾಳೆ ದೀಪ, ಪೂಜಾ ಸಾಮಾನಿಗೆ ಎರಡು ಅಂಗಡಿ ವಿಚಾರಿಸಿಯೇ ಕೊಳ್ಳಿ.

ಚೌಕಾಸಿ ಬೇಡವಾದ ವ್ಯಾಪಾರ ಮಲ್ಲಿಗೆಯದು. ಉಡುಪಿ ಹತ್ತಿರದ ಶಂಕರಪುರದ ಹೂವಿಗೆ ದರ ದಿನಾ ಬದಲಾಗುತ್ತದೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್‌ನಲ್ಲಿ ರೇಟು ಕೇಳಿದರೆ ತಲೆ ತಿರುಗುತ್ತದೆ. ಹೂವಿನಕ್ಕನ ತಪ್ಪಲ್ಲ ಅದು, ಚೌಕಾಸಿ ಮಾಡಬೇಡಿ.

ತರಕಾರಿ ಸಾಲಿನಲ್ಲಿ ಮಟ್ಟು ಊರಿನ ಮಟ್ಟುಗುಳ್ಳ ಹುಡುಕಿ. ಮಳೆ ಮುಗಿದು ಚಳಿ ಹಿಡಿದ ಮೇಲೆ ಸಿಗುವ, ತಿಳಿಹಸಿರು ಗೆರೆಯ ದುಂಡು ಬದನೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಬೇರೆ ಊರಿನ ಗುಳ್ಳವೂ ಅದೇ ಹೆಸರಲ್ಲಿ ಕೂತಿರುತ್ತದೆ! "ಅಕ್ಕಾ, ಮಟ್ಟುದ್ದೇನಾ?" ಎಂದು ಕೇಳಿ, ಬೆಳೆಗಾರರ ಸ್ಟಿಕರ್ ಇದೆಯೇ ನೋಡಿ. ತೊಟ್ಟಿನ ಮುಳ್ಳು ಜೋಪಾನ. ಚಿಲ್ಲರೆ ಕಿಸೆಯಲ್ಲಿರಲಿ, ಬಟ್ಟೆಚೀಲವೂ.